ಘಟ್ಟ ಇಳಿದು ಬರುವವರಿಗೆ: ಉಡುಪಿ–ಮಂಗಳೂರಿನ ರಜೆಗೆ ತಯಾರಿ ಹೀಗಿರಲಿ

ರಜೆಗೆ ಉಡುಪಿ ಕಡೆ ಬರುತ್ತೇವೆ ಎಂದು ಘಟ್ಟದ ಮೇಲಿನ ನೆಂಟರು, ಸ್ನೇಹಿತರು ಫೋನ್ ಮಾಡಿದಾಗಲೆಲ್ಲ ನಾನು ಮೊದಲು ಕೇಳುವುದು ಅವರ ಪಟ್ಟಿಯನ್ನು. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಪಟ್ಟಿ. ಶನಿವಾರ ಬೆಳಿಗ್ಗೆ ಸುಬ್ರಹ್ಮಣ್ಯ, ಮಧ್ಯಾಹ್ನ ಧರ್ಮಸ್ಥಳ, ಸಂಜೆ ಕಟೀಲು, ರಾತ್ರಿ ಉಡುಪಿ. ಭಾನುವಾರ ಕೊಲ್ಲೂರು, ಮುರುಡೇಶ್ವರ. ನಡುವೆ ಎಲ್ಲಾದರೂ ಒಂದು ಬೀಚು. ಉಡುಪಿಯಿಂದ ಮುರುಡೇಶ್ವರಕ್ಕೇ ಸುಮಾರು 100 ಕಿಲೋಮೀಟರ್ ಇದೆ ಎಂದರೆ, "ಹೈವೇ ಅಲ್ವಾ, ಹೋಗಿಬಿಡ್ತೀವಿ" ಎನ್ನುತ್ತಾರೆ. ಹೋಗಬಹುದು. ಆದರೆ ಅದು ರಜೆ ಆಗುವುದಿಲ್ಲ, ಬರೀ ಓಡಾಟ ಆಗುತ್ತದೆ. ಮಕ್ಕಳು ಕಾರಿನಲ್ಲೇ ಮಲಗಿರುತ್ತಾರೆ, ದೊಡ್ಡವರು ಬೆವರು ಒರೆಸುತ್ತಾ ಕ್ಯೂನಲ್ಲಿ ನಿಂತಿರುತ್ತಾರೆ.

ಕರಾವಳಿಯಲ್ಲಿ ಏನೇನು ನೋಡಬೇಕು ಎನ್ನುವುದಕ್ಕಿಂತ ಯಾವ ಹೊತ್ತಿಗೆ ಎಲ್ಲಿರಬೇಕು ಎನ್ನುವುದೇ ಮುಖ್ಯ. ಇಲ್ಲಿನ ಬಿಸಿಲು, ಸಮುದ್ರ, ಮೀನು, ದೇವಸ್ಥಾನ ಎಲ್ಲಕ್ಕೂ ಅದರದೇ ಹೊತ್ತಿದೆ. ಅದನ್ನು ಹಿಡಿದುಕೊಂಡು ಯೋಜನೆ ಹಾಕಿದರೆ ಎರಡು ಜಾಗ ನೋಡಿದರೂ ಮನಸ್ಸು ತುಂಬುತ್ತದೆ. ಹಾಗಾಗಿ ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಮೊದಲು ತಿಂಗಳು ಗೊತ್ತು ಮಾಡಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಕಣ್ಣುಮುಚ್ಚಿ ಬನ್ನಿ. ಬೆಳಿಗ್ಗೆ ತಂಪಿರುತ್ತದೆ, ಸಮುದ್ರ ಶಾಂತವಾಗಿರುತ್ತದೆ, ದೋಣಿಗಳು ಓಡುತ್ತವೆ, ಯಕ್ಷಗಾನ, ಕಂಬಳ, ದೈವದ ಕೋಲ ಎಲ್ಲಾ ಶುರುವಾಗಿರುತ್ತದೆ. ಅಕ್ಟೋಬರ್ ಕೂಡ ಚೆನ್ನಾಗಿಯೇ ಇರುತ್ತದೆ, ಆದರೆ ಸಂಜೆ ಗುಡುಗು ಮಳೆ ಬಂದರೆ ಆಶ್ಚರ್ಯವಿಲ್ಲ. ಮಂಗಳೂರಿನ ಕುದ್ರೋಳಿ ದಸರಾ ನೋಡುವ ಆಸೆ ಇದ್ದವರಿಗೆ ನವರಾತ್ರಿಯೇ ಸರಿಯಾದ ಸಮಯ.

ಮಾರ್ಚ್‌ನಿಂದ ಮೇವರೆಗೆ ಸೆಕೆ. ಬೆಂಗಳೂರಿನವರಿಗೆ ಬಿಸಿಲು ಗೊತ್ತು, ಸೆಕೆ ಗೊತ್ತಿರುವುದಿಲ್ಲ. ನೆರಳಲ್ಲಿ ಕೂತರೂ ಅಂಗಿ ಒದ್ದೆಯಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇಯಲ್ಲೇ ಬರಬೇಕಾದ ಅನಿವಾರ್ಯ ಇರುವವರು ಎಸಿ ಕೋಣೆಗೆ ದುಡ್ಡು ಎತ್ತಿಡಿ, ಮಧ್ಯಾಹ್ನದ ತಿರುಗಾಟವನ್ನು ಪೂರ್ತಿ ಬಿಟ್ಟುಬಿಡಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ, ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಯವರು ತಂದದ್ದಷ್ಟೇ ತಾಜಾ ಮೀನು, ಅದಕ್ಕೆ ಬೆಲೆಯೂ ಜಾಸ್ತಿ. ಹಾಗಂತ ಮಳೆಗಾಲ ಬೇಡ ಎನ್ನುವವನು ನಾನಲ್ಲ. ಆಟಿ ಎನ್ನುವ ತುಳು ತಿಂಗಳ, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ ಅಂದರೆ ಎಳೆ ಬಿದಿರಿನ ಪಲ್ಯ, ಹೆಂಚಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದು ಬೇಕು ಎನ್ನುವವರು ಒಂದು ಒಳ್ಳೆಯ ಹೋಂಸ್ಟೇ ಹುಡುಕಿ ಜುಲೈನಲ್ಲೇ ಬನ್ನಿ. ಬೀಚ್ ರಜೆ ಎಂದುಕೊಂಡು ಮಾತ್ರ ಬರಬೇಡಿ.

ಇನ್ನೊಂದು ಮಾತು. ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಜನವರಿ 18ಕ್ಕೆ ಕೃಷ್ಣಮಠದಲ್ಲಿ ಪರ್ಯಾಯ. ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಪೂಜೆಯ ಅಧಿಕಾರ ಹೋಗುವ ದಿನ ಅದು. ರಾತ್ರಿಯಿಡೀ ಊರು ಎಚ್ಚರ ಇರುತ್ತದೆ. ನೋಡಲೇಬೇಕಾದ ಹಬ್ಬ, ಆದರೆ ಕೋಣೆ ಸಿಗುವುದು ಕಷ್ಟ. ತಿಂಗಳುಗಳ ಮುಂಚೆಯೇ ಕಾದಿರಿಸಿ. ಶಾಂತವಾಗಿ ದರ್ಶನ ಆಗಬೇಕು ಎನ್ನುವವರು ಆ ವಾರ ತಪ್ಪಿಸಿ.

ಉಳಿಯುವ ಜಾಗ ಒಂದೇ ಇರಲಿ

ಮೂರು ರಾತ್ರಿ ಇದ್ದರೆ ಮೂರೂ ರಾತ್ರಿ ಒಂದೇ ಕಡೆ ಉಳಿಯಿರಿ. ಉಡುಪಿಗೂ ಮಂಗಳೂರಿಗೂ ನಡುವೆ 60 ಕಿಲೋಮೀಟರ್ ಒಳಗೇ ಇದೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಬಸ್ ಇದೆ. ದಿನಾ ಬ್ಯಾಗ್ ಕಟ್ಟಿ ಬಿಚ್ಚುವ ಕೆಲಸ ಯಾಕೆ?

ದೇವಸ್ಥಾನ, ಬೀಚು, ದ್ವೀಪ ಬೇಕು ಎನ್ನುವವರಿಗೆ ಉಡುಪಿ. ಅಂಗಡಿ, ಸಿನೆಮಾ, ತರಾವರಿ ಹೋಟೆಲು ಬೇಕು, ಆಸ್ಪತ್ರೆ ಹತ್ತಿರ ಇರಬೇಕು ಎನ್ನುವವರಿಗೆ ಮಂಗಳೂರು. ವಯಸ್ಸಾದವರು ಜೊತೆಗಿದ್ದರೆ ಕೃಷ್ಣಮಠದ ರಥಬೀದಿಗೆ ನಡೆದು ಹೋಗುವಷ್ಟು ಹತ್ತಿರ ಕೋಣೆ ಮಾಡಿ. ಬೆಳಗಿನ ಜಾವದ ದರ್ಶನಕ್ಕೆ ಅದರಷ್ಟು ಅನುಕೂಲ ಬೇರೆ ಇಲ್ಲ.

ಸಮುದ್ರದ ಪಕ್ಕದ ಹೋಂಸ್ಟೇ ಆದರೆ ಮಾತಾಡುವಾಗ ನಾಲ್ಕು ವಿಷಯ ಬಿಡದೆ ಕೇಳಿ. ಬೀಚಿಗೆ ನಡೆದು ಎಷ್ಟು ನಿಮಿಷ? ಕರೆಂಟ್ ಹೋದರೆ ಫ್ಯಾನ್ ತಿರುಗುತ್ತದಾ? ಊಟ ಅಲ್ಲೇ ಮಾಡಿಕೊಡುತ್ತಾರಾ, ಎಷ್ಟು ಹೊತ್ತು ಮುಂಚೆ ಹೇಳಬೇಕು? ಬಾವಿಯ ನೀರು ಸಿಹಿಯಾ, ಉಪ್ಪಾ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಕಡಲ ಬದಿಯ ಕೆಲವು ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುತ್ತದೆ. ಸ್ನಾನ ಮಾಡಿ ಬಂದ ಮೇಲೂ ಮೈ ಅಂಟಂಟು ಎನ್ನಿಸಿದರೆ ಏನು ಸುಖ?

ಬರುವ ದಾರಿ

ಬೆಂಗಳೂರಿನಿಂದ ಉಡುಪಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಸುಲಭ. ಸಂಜೆ ಹೊರಟು ಬೆಳಗಿನ ಜಾವಕ್ಕೆ ಇಂದ್ರಾಳಿಯ ಉಡುಪಿ ಸ್ಟೇಷನ್ ತಲುಪಿಸುತ್ತದೆ. ಇದು ಮಂಗಳೂರು ಸೆಂಟ್ರಲ್‌ಗೆ ಬರುವುದಿಲ್ಲ, ಅದಕ್ಕೆ ಬೇರೆ ರೈಲು ನೋಡಿ. ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಕ್ರಿಸ್‌ಮಸ್ ರಜೆಗೆ ಬರುವವರು ಆ ದಿನವೇ ಕೂತು ಟಿಕೆಟ್ ಮಾಡಿಕೊಳ್ಳಿ. ರೈಲಿಳಿದ ಬೆಳಗಿನ ಜಾವಕ್ಕೇ ಕೋಣೆ ಕೊಡುತ್ತಾರಾ ಎಂದು ಹೋಟೆಲಿನವರನ್ನು ಮೊದಲೇ ಕೇಳಿಡಿ. ಇಲ್ಲದಿದ್ದರೆ ಚೆಕ್‌ಇನ್ ಹೊತ್ತಿನವರೆಗೆ ಬ್ಯಾಗ್ ಹಿಡಿದು ತಿರುಗಬೇಕಾಗುತ್ತದೆ.

ಹಗಲು ರೈಲಿನಲ್ಲಿ ಬರುವ ಅವಕಾಶ ಸಿಕ್ಕರೆ ಬಿಡಬೇಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ಯಶವಂತಪುರ–ಮಂಗಳೂರು ಹಗಲು ರೈಲಿಗೆ 2021ರ ಜುಲೈಯಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಜೋಡಿಸಿದರು. ಹಗಲು ರೈಲುಗಳ ದಿನಗಳು ಬದಲಾಗುತ್ತಿರುತ್ತವೆ, ಹೊರಡುವ ವಾರದ ವೇಳಾಪಟ್ಟಿ ನೋಡಿಯೇ ತೀರ್ಮಾನ ಮಾಡಿ.

ಕಾರಿನವರಿಗೆ ಬೆಂಗಳೂರಿನಿಂದ ಶಿರಾಡಿ, ಮೈಸೂರು–ಮಡಿಕೇರಿ ಕಡೆಯಿಂದ ಸಂಪಾಜೆ, ಚಿಕ್ಕಮಗಳೂರು ಕಡೆಯಿಂದ ಚಾರ್ಮಾಡಿ, ಶಿವಮೊಗ್ಗ–ತೀರ್ಥಹಳ್ಳಿಯವರಿಗೆ ಆಗುಂಬೆ. ಆಗುಂಬೆಯಲ್ಲಿ 14 ತಿರುವು, ದೊಡ್ಡ ಬಸ್ಸು ಲಾರಿ ಬಿಡುವುದಿಲ್ಲ. ಟೆಂಪೋ ಟ್ರಾವೆಲರ್‌ಗಿಂತ ದೊಡ್ಡ ಗಾಡಿ ಮಾಡಿಕೊಂಡು ಬರುವವರು ಇದನ್ನು ನೆನಪಿಡಿ. ಮಳೆಗಾಲದಲ್ಲಿ ಯಾವ ಘಾಟಿಯಲ್ಲಾದರೂ ಗುಡ್ಡ ಜರಿಯಬಹುದು, ಹೊರಡುವ ಬೆಳಿಗ್ಗೆ ಸುದ್ದಿ ನೋಡಿಯೇ ಗಾಡಿ ಹತ್ತಿ. ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಘಾಟಿಗೆ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ.

ಇಲ್ಲಿಗೆ ಬಂದ ಮೇಲೆ ಊರಿಂದೂರಿಗೆ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಮಂಗಳೂರಿನಲ್ಲಿ ಅವು ಹೊರಡುವ ಜಾಗಕ್ಕೆ ಎಲ್ಲರೂ ಹೇಳುವುದು ಸ್ಟೇಟ್‌ಬ್ಯಾಂಕ್ ಎಂದು, ಬ್ಯಾಂಕ್ ಹುಡುಕಬೇಡಿ. ಬೇಗ ಹೋಗಬೇಕಾದರೆ ಎಕ್ಸ್‌ಪ್ರೆಸ್ ಹತ್ತಿ, ಸಣ್ಣ ಸ್ಟಾಪಿನಲ್ಲಿ ಇಳಿಯಬೇಕಾದರೆ ಸರ್ವೀಸ್ ಬಸ್ ಹತ್ತಿ. ಹೆಂಗಸರಿಗೆ ಒಂದು ಸೂಚನೆ: ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ, ಖಾಸಗಿಯಲ್ಲಿ ನಡೆಯುವುದಿಲ್ಲ. ಖರ್ಚಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ದಿನವನ್ನು ಎರಡು ಮಾಡಿಕೊಳ್ಳಿ

ಬೆಳಿಗ್ಗೆ ಆರರಿಂದ ಹನ್ನೊಂದು ಒಂದು ಭಾಗ, ಸಂಜೆ ನಾಲ್ಕರಿಂದ ಇನ್ನೊಂದು ಭಾಗ. ನಡುವಿನ ಹೊತ್ತು ಊಟ, ನಿದ್ದೆ. ಇದು ಸೋಮಾರಿತನ ಅಲ್ಲ ಮಾರಾಯ್ರೆ, ಇಲ್ಲಿ ಹುಟ್ಟಿ ಬೆಳೆದ ನಾವೇ ಮಧ್ಯಾಹ್ನ ಒಂದು ಗಂಟೆಗೆ ಮಲ್ಪೆಯ ಮರಳಿನ ಮೇಲೆ ಕಾಲಿಡುವುದಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಕೂಡಲೇ, ಮೇ ಕೊನೆಗೆ ಏಳಕ್ಕೆ ಸ್ವಲ್ಪ ಮುಂಚೆ. ಬೀಚಿಗೆ ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ಹೋದರೆ ಸಾಕು.

ಕೃಷ್ಣಮಠಕ್ಕೆ ಬೆಳಿಗ್ಗೆ ಬೇಗ ಹೋಗಿ. ಕನಕನ ಕಿಂಡಿಯ ಎದುರು ಹಿಂದಿನವರ ನೂಕಾಟ ಇಲ್ಲದೆ ಒಂದು ನಿಮಿಷ ನಿಲ್ಲಲು ಸಿಗುವುದು ಆಗಲೇ. ಒಳಗೆ ಹೋಗುವ ಗಂಡಸರು ಅಂಗಿ ಬನಿಯನ್ ತೆಗೆಯಬೇಕು, ಹೆಗಲಿಗೆ ಒಂದು ಶಾಲು ಇಟ್ಟುಕೊಳ್ಳಿ. ಸಂಜೆಯ ರಥೋತ್ಸವ ನೋಡುವ ಮನಸ್ಸಿದ್ದರೆ ತಿಂಗಳು ನೋಡಿ ಬನ್ನಿ. ಮಳೆಗಾಲದಲ್ಲಿ ರಥ ಹೊರಗೆ ಬರುವುದಿಲ್ಲ, ಕಾರ್ತಿಕದ ಉತ್ಥಾನ ದ್ವಾದಶಿಯ ಹೊತ್ತಿಗೆ ಲಕ್ಷದೀಪೋತ್ಸವದೊಂದಿಗೆ ಮತ್ತೆ ಶುರು.

ಸಮುದ್ರಕ್ಕೆ ಇಳಿಯುವ ಮುಂಚೆ

ಈ ಭಾಗವನ್ನು ದಯವಿಟ್ಟು ಅವಸರದಲ್ಲಿ ಓದಬೇಡಿ. ಪ್ರತಿ ರಜೆಯಲ್ಲೂ ಇಲ್ಲಿನ ಪತ್ರಿಕೆಗಳಲ್ಲಿ ಪ್ರವಾಸಿಗರು ನೀರುಪಾಲಾದ ಸುದ್ದಿ ಓದುತ್ತೇವೆ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಈಜು ಬರುತ್ತಿತ್ತು ಎನ್ನುವುದೂ ಎಷ್ಟೋ ಸಲ ಅದೇ ಸುದ್ದಿಯಲ್ಲಿರುತ್ತದೆ. ಕೆರೆಯ ಈಜು, ಈಜುಕೊಳದ ಈಜು ಸಮುದ್ರದ ಸೆಳೆತದ ಎದುರು ಸಾಲುವುದಿಲ್ಲ.

ದಡಕ್ಕೆ ಬಂದ ನೀರು ಎಲ್ಲಾದರೂ ವಾಪಸ್ ಹೋಗಲೇಬೇಕಲ್ಲ? ಅದು ಒಂದು ಕಿರಿದಾದ ಜಾಗ ಹಿಡಿದು ಜೋರಾಗಿ ಹಿಂದೆ ಹರಿಯುತ್ತದೆ. ಅದೇ ಸೆಳೆತ. ಮರಳಿನ ಮೇಲೆ ನಿಂತು ಐದು ನಿಮಿಷ ಸುಮ್ನೆ ನೋಡಿ. ಎಡಕ್ಕೂ ಬಲಕ್ಕೂ ಅಲೆ ಒಡೆದು ಬಿಳಿ ನೊರೆ ಏಳುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದೇ ಇಲ್ಲ. ಅಲ್ಲಿ ನೀರು ಕದಡಿದ ಬಣ್ಣಕ್ಕಿರುತ್ತದೆ, ನೊರೆ, ಕಸ ಹೊರಗಡೆಗೆ ತೇಲಿ ಹೋಗುತ್ತಿರುತ್ತದೆ. ಹೊಸಬರು "ಇಲ್ಲಿ ಅಲೆ ಕಮ್ಮಿ ಇದೆ" ಎಂದು ಮಕ್ಕಳನ್ನು ಇಳಿಸುವುದು ಸರಿಯಾಗಿ ಆ ಜಾಗಕ್ಕೇ. ಅದೇ ಅಪಾಯದ ಜಾಗ. ಒಂದು ವೇಳೆ ಸಿಕ್ಕಿಬಿದ್ದರೆ ದಡದ ಕಡೆಗೆ ಎದುರೀಜು ಮಾಡಿ ಸುಸ್ತಾಗಬೇಡಿ. ಕೈ ಎತ್ತಿ ಕೂಗಿ, ತೇಲುತ್ತಾ ದಡಕ್ಕೆ ಸಮನಾಗಿ ಪಕ್ಕಕ್ಕೆ ಸಾಗಿ. ಸೆಳೆತದ ಪಟ್ಟಿ ದಾಟಿದ ಮೇಲೆ ಅಲೆಯ ಜೊತೆಗೇ ದಡಕ್ಕೆ ಬರಬಹುದು.

ಅಳಿವೆಯ ಹತ್ತಿರ, ಅಂದರೆ ಹೊಳೆ ಸಮುದ್ರ ಸೇರುವ ಕಡೆ, ನೀರಿಗೆ ಇಳಿಯಲೇಬೇಡಿ. ಕೋಡಿಬೆಂಗ್ರೆಯಂಥ ಜಾಗ ನೋಡಲು ಬಹಳ ಚಂದ, ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ನೋಡಲು ಮಾತ್ರ. ಸೋಮೇಶ್ವರದ ಬಂಡೆಗಳ ಮೇಲೆ, ಮರವಂತೆಯ ತಡೆಗೋಡೆಯ ಕಲ್ಲುಗಳ ಮೇಲೆ ಫೋಟೋಗೆಂದು ಹತ್ತಬೇಡಿ. ಕಲ್ಲಿಗೆ ಹಿಡಿದ ಪಾಚಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುವಾಗ ತಡವಾಗಿರುತ್ತದೆ.

ಮಕ್ಕಳಿದ್ದರೆ ಜೀವರಕ್ಷಕರು ಇರುವ ಬೀಚನ್ನೇ ಆರಿಸಿ. ಮಲ್ಪೆ, ಪಣಂಬೂರು ಗೌಜಿಯ ಬೀಚುಗಳು. ಚರ್ಮುರಿ, ಐಸ್‌ಕ್ರೀಮ್, ಆಟ ಎಲ್ಲಾ ಇದೆ. ನನ್ನ ಆಯ್ಕೆ ಕೇಳಿದರೆ ಪಡುಬಿದ್ರಿ. 2020ರಲ್ಲಿ ಅಲ್ಲಿನ ಕಡಲತೀರಕ್ಕೆ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಬಟ್ಟೆ ಬದಲಿಸಲು, ಸಿಹಿನೀರಿನಲ್ಲಿ ಮೈ ತೊಳೆಯಲು ವ್ಯವಸ್ಥೆ ಇದೆ. ಪುಟ್ಟ ಮಕ್ಕಳ ತಾಯಂದಿರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅಲೆಯ ಮೇಲೆ ಸರ್ಫಿಂಗ್ ಕಲಿಯಬೇಕು ಎನ್ನುವವರು ಮೂಲ್ಕಿ, ಸಸಿಹಿತ್ಲು ಕಡೆ ವಿಚಾರಿಸಿ.

ಸೇಂಟ್ ಮೇರಿಸ್ ದ್ವೀಪಕ್ಕೆ ಮಲ್ಪೆಯಿಂದ ದೋಣಿ. ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ, ಬಿಸಿಲೇರುವ ಮುಂಚೆ ವಾಪಸ್ ಬನ್ನಿ. ಅಲ್ಲಿನ ಕಂಬದಂಥ ಕಲ್ಲುಗಳನ್ನು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ಎನ್ನುತ್ತಾರೆ ಭೂವಿಜ್ಞಾನಿಗಳು, ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದ್ದು. ಹತ್ತಿರ ಹೋಗಿ ನೋಡಿ. ಐದು ಮೂಲೆ, ಆರು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ, ಯಾರೋ ಉಳಿ ಹಿಡಿದು ಕಡೆದ ಹಾಗೆ. ರಾತ್ರಿ ಉಳಿಯಲು ಬಿಡುವುದಿಲ್ಲ. ಟೋಪಿ, ಕುಡಿಯುವ ನೀರು, ಒದ್ದೆಯಾದರೂ ತೊಂದರೆ ಇಲ್ಲದ ಚಪ್ಪಲಿ ಇರಲಿ. ವಾರದ ಮಧ್ಯೆ ಹೋದರೆ ಸಾಕಷ್ಟು ಜನ ಸೇರುವವರೆಗೆ ದೋಣಿ ಕಾಯಬಹುದು, ಆ ದಿನ ಬೇರೆ ಗಡಿಬಿಡಿ ಇಟ್ಟುಕೊಳ್ಳಬೇಡಿ.

ಊಟ

ಮೀನೂಟದ ಹೋಟೆಲಿಗೆ ಹನ್ನೆರಡೂವರೆಗೇ ಹೋಗಿ. ಎರಡು ಗಂಟೆಗೆ ಹೋದರೆ ಒಳ್ಳೆಯ ಮೀನು ಖಾಲಿ. ಕೂತ ಕೂಡಲೇ ಬರುವ ಪ್ರಶ್ನೆ, "ಕುಚ್ಚಿಗೆಯಾ, ಬೆಳ್ತಿಗೆಯಾ?" ಕುಚ್ಚಿಗೆ ಎಂದರೆ ಕೆಂಪಗಿನ ಕುಚ್ಚಲಕ್ಕಿ ಅನ್ನ, ಬೆಳ್ತಿಗೆ ಎಂದರೆ ಬಿಳಿ ಅನ್ನ. ಕುಚ್ಚಿಗೆಯನ್ನೇ ಹೇಳಿ. ಮೀನಿನ ಸಾರಿಗೆ ಅದೇ ಜೋಡಿ. ಸ್ವಲ್ಪ ಹೊತ್ತಿಗೆ ಮಸಾಲೆ ಹಚ್ಚಿದ ಮೀನುಗಳ ತಟ್ಟೆಯನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. ಬಂಗುಡೆ, ಕಾಣೆ, ಅಂಜಲ್, ಮಾಂಜಿ ಸಾಲಾಗಿರುತ್ತವೆ. ಬೆರಳು ತೋರಿಸುವ ಮುಂಚೆ ರೇಟು ಕೇಳಿ. ಮಾಂಜಿ, ಅಂಜಲ್, ದೊಡ್ಡ ಕಾಣೆಗೆ ಗಾತ್ರದ ಮೇಲೆ ಬೆಲೆ, ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಮುಳ್ಳಿಗೆ ಹೆದರುವವರಿಗೆ ಅಂಜಲ್ ತುಂಡು ಸರಿ. ನನ್ನ ಮಟ್ಟಿಗೆ ಒಳ್ಳೆಯ ಬಂಗುಡೆ ಮಸಾಲೆ ಫ್ರೈ ಮುಂದೆ ದುಬಾರಿ ಮೀನು ಯಾವುದೂ ನಿಲ್ಲುವುದಿಲ್ಲ. ಬೂತಾಯಿ ಮೀನಿನ ಹುಳಿ–ಖಾರದ ಪುಳಿಮುಂಚಿ ಇದ್ದರೆ ಕೇಳಿ ತಿನ್ನಿ.

ಕೋರಿ ರೊಟ್ಟಿ ತಿನ್ನುವ ಕ್ರಮ ಗೊತ್ತಿರಲಿ: ಗರಿಗರಿ ರೊಟ್ಟಿಯನ್ನು ಮುರಿದು ತಟ್ಟೆಗೆ ಹಾಕಿ, ಮೇಲಿಂದ ಬಿಸಿ ಕೋಳಿ ಗಸಿ ಹೊಯ್ದು, ಪೂರ್ತಿ ಮೆತ್ತಗಾಗುವ ಮುಂಚೆಯೇ ತಿನ್ನಬೇಕು.

ಸಸ್ಯಾಹಾರಿಗಳಿಗೆ ಉಡುಪಿ ತವರುಮನೆಯೇ. ಕೃಷ್ಣಮಠದಲ್ಲಿ ಮಧ್ಯಾಹ್ನ ಅನ್ನಪ್ರಸಾದ ಇದೆ. ಬೆಳಿಗ್ಗೆ ಬನ್ಸ್ (ಬಾಳೆಹಣ್ಣು ಹಾಕಿದ ದಪ್ಪ ಪೂರಿ) ಅಥವಾ ಸಜ್ಜಿಗೆ–ಬಜಿಲ್ (ಉಪ್ಪಿಟ್ಟು–ಅವಲಕ್ಕಿ), ಸಂಜೆ ಗೋಳಿಬಜೆ. ರಥಬೀದಿಯ ಮಿತ್ರ ಸಮಾಜದಂಥ ಹಳೇ ಹೋಟೆಲಿನಲ್ಲಿ ಬಿಸಿ ಬಿಸಿ ತಿನ್ನಿ. ಬದನೆ ಇಷ್ಟ ಇಲ್ಲದವರೂ ಮಟ್ಟುಗುಳ್ಳದ ಹುಳಿ ಒಮ್ಮೆ ರುಚಿ ನೋಡಿ. ಸೆಕೆಗೆ ಪುನರ್ಪುಳಿ (ಕೋಕಂ) ಶರಬತ್ತು, ಬೊಂಡ ಅಂದರೆ ಎಳನೀರು. ರಾತ್ರಿಗೆ ಗಡ್‌ಬಡ್ ಐಸ್‌ಕ್ರೀಮ್, ಇಬ್ಬರಿಗೆ ಒಂದು ಗ್ಲಾಸ್ ಸಾಕಾಗುತ್ತದೆ.

ಒಂದು ರಾತ್ರಿ ಆಟಕ್ಕೆ

ಯಕ್ಷಗಾನ ಬಯಲಾಟಕ್ಕೆ ನಾವು ಆಟ ಎನ್ನುತ್ತೇವೆ. ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟು ಮೇ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ದಿನ ಗೆಜ್ಜೆ ಬಿಚ್ಚುತ್ತವೆ, ಅಂದರೆ ತಿರುಗಾಟ ಮುಗಿಸುತ್ತವೆ. ಈ ನಡುವೆ ಬಂದವರು ಒಂದು ರಾತ್ರಿಯನ್ನು ಇದಕ್ಕೇ ಇಡಿ. ಇವತ್ತು ಯಾವ ಮೇಳ ಎಲ್ಲಿ, ಯಾವ ಪ್ರಸಂಗ ಎನ್ನುವುದು ಸ್ಥಳೀಯ ಪತ್ರಿಕೆಯಲ್ಲಿ ದಿನಾ ಬರುತ್ತದೆ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಎಷ್ಟೋ ಕಡೆ ಊಟವೂ ಇರುತ್ತದೆ. ಪ್ರಸಂಗದ ಕತೆಯನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಚೆಂಡೆ ಏರಿ ಪರದೆಯ ಹಿಂದಿನಿಂದ ಬಣ್ಣದ ವೇಷ ಬರುವಾಗ ಅವರ ಮುಖ ನೋಡಬೇಕು.

ದೈವದ ಕೋಲಕ್ಕೆ ಹೋಗುವುದಾದರೆ ಮಾತ್ರ ಬೇರೆ ಎಚ್ಚರಿಕೆ ಬೇಕು. ಅದು ಪ್ರದರ್ಶನ ಅಲ್ಲ, ಆ ಮನೆಯ, ಆ ಊರಿನ ನಂಬಿಕೆ. ಪರಿಚಯದವರ ಜೊತೆ ಹೋಗಿ, ಹೇಳಿದ ಕಡೆ ನಿಲ್ಲಿ, ಮೊಬೈಲ್ ಜೇಬಿನಲ್ಲೇ ಇರಲಿ.

ಮೂರು ದಿನದ ಅಂದಾಜು

ಮೊದಲ ದಿನ ರೈಲಿಳಿದು ಸ್ನಾನ, ದರ್ಶನ, ಬನ್ಸ್. ಮಧ್ಯಾಹ್ನ ಮಲಗಿ. ಸಂಜೆ ಹೂಡೆ ದಾಟಿ ಕೋಡಿಬೆಂಗ್ರೆಗೆ, ಅಥವಾ ಹತ್ತಿರ ಸಾಕು ಎಂದರೆ ಮಲ್ಪೆಗೆ.

ಎರಡನೇ ದಿನ ಬೆಳಿಗ್ಗೆ ದ್ವೀಪ, ಮಧ್ಯಾಹ್ನ ಮೀನೂಟ, ಸಂಜೆ ಕಾಪು. 1901ರ ದೀಪಸ್ತಂಭ ಬಂಡೆಯ ಮೇಲಿದೆ. ಸಂಜೆ ಕೆಲವು ಗಂಟೆ ಮಾತ್ರ ಮೇಲೆ ಹತ್ತಲು ಬಿಡುತ್ತಾರೆ. ರಾತ್ರಿ ಆಟ.

ಮೂರನೇ ದಿನಕ್ಕೆ ಎರಡು ದಾರಿ. ಒಂದು, ಕಾರ್ಕಳದಲ್ಲಿ 1432ರ 42 ಅಡಿಯ ಬಾಹುಬಲಿ, ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ನೋಡಿಕೊಂಡು ಮಂಗಳೂರಿಗೆ ಇಳಿಯುವುದು. ಅಲ್ಲಿ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳು ಗೋಡೆ, ಮಾಡು ಎಲ್ಲಾ ತುಂಬಿವೆ. ಕದ್ರಿಯಲ್ಲಿ ಕ್ರಿ.ಶ. 968ರ ಲೋಕೇಶ್ವರ ಕಂಚಿನ ವಿಗ್ರಹ ಇದೆ. ಸಂಜೆ ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟಿ ತಣ್ಣೀರುಬಾವಿ. ಇನ್ನೊಂದು, ಉತ್ತರಕ್ಕೆ ಹೋಗುವುದು. ಸಾಲಿಗ್ರಾಮದಲ್ಲಿ ಸೀತಾ ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕಿಂಗ್, ಕುಂದಾಪುರದಲ್ಲಿ ಊಟ, ಸಂಜೆ ಮರವಂತೆ. ಎರಡನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಬೇರೆಯೇ ರಜೆ ಹಾಕಿ ಬನ್ನಿ, ಆ ಕಡೆಗೂ ಪುರುಸೊತ್ತು ಬೇಕು.

ಚೀಲದಲ್ಲಿ ಏನಿರಲಿ

ತೆಳು ಹತ್ತಿ ಬಟ್ಟೆ ಒಂದೆರಡು ಜೊತೆ ಜಾಸ್ತಿಯೇ ಇರಲಿ, ದಿನಕ್ಕೆ ಎರಡು ಸಲ ಬದಲಿಸಬೇಕಾಗುತ್ತದೆ. ಜೀನ್ಸ್ ಒದ್ದೆಯಾದರೆ ಇಲ್ಲಿನ ಗಾಳಿಗೆ ಬೇಗ ಒಣಗುವುದಿಲ್ಲ. ಟೋಪಿ, ಸನ್‌ಸ್ಕ್ರೀನ್, ಓಆರ್‌ಎಸ್ ಪುಡಿ, ಸೊಳ್ಳೆಗೆ ಹಚ್ಚುವ ಕ್ರೀಮು, ದೇವಸ್ಥಾನಕ್ಕೆ ಒಂದು ಪಂಚೆ.

ವಾಪಸ್ ಹೋಗುವಾಗ ಮನೆಯಲ್ಲಿ ಹೆಂಗಸರಿದ್ದರೆ ಶಂಕರಪುರದ ಮಲ್ಲಿಗೆ ಒಯ್ಯಿರಿ. ಮಾರುವುದು ಚೆಂಡು, ಅಟ್ಟೆ ಲೆಕ್ಕದಲ್ಲಿ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ರೇಟು ದಿನಾ ಬದಲಾಗುತ್ತದೆ, ಮದುವೆ ಸೀಸನ್ನಿನಲ್ಲಿ ಏರುತ್ತದೆ. ಬಾಳೆ ಎಲೆಯಲ್ಲೇ ಕಟ್ಟಿಸಿಕೊಳ್ಳಿ, ಪ್ಲಾಸ್ಟಿಕ್‌ನಲ್ಲಿ ಬೆವತು ಹಾಳಾಗುತ್ತದೆ. ಹಪ್ಪಳ, ಕುಚ್ಚಲಕ್ಕಿ, ಪುನರ್ಪುಳಿ ಸಿಪ್ಪೆ ಯಾವುದಕ್ಕೂ ಅಂಜಿಕೆ ಇಲ್ಲ. ಒಣಮೀನು ತೆಗೆದುಕೊಂಡರೆ ಮಾತ್ರ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ಮುಚ್ಚಳ ಬಿಗಿ ಇರುವ ಡಬ್ಬಿಗೆ ಹಾಕಿಕೊಳ್ಳಿ. ರಾತ್ರಿ ಎಸಿ ಬಸ್ಸಿನಲ್ಲಿ ಹೋಗುವವರಾದರೆ ಆ ಡಬ್ಬಿ ಡಿಕ್ಕಿಯಲ್ಲಿಡುವ ಬ್ಯಾಗಿನೊಳಗೇ ಇರಲಿ.